ರಜಾ ಅರ್ಜಿಯ ಚಿಕ್ಕ ಖಾನೆ

ಇವತ್ತು ರಜಾ ಅರ್ಜಿ ತುಂಬುತ್ತಿದ್ದೆ. 'ಕಾರಣ' ಅಂತ ಒಂದು ಚಿಕ್ಕ ಖಾನೆ. ಜ್ವರ ಅಂತ ಬರೆದೆ, ಪೆನ್ನು ಅಲ್ಲೇ ನಿಂತಿತು. ಹಿಂದಿನ ಕೆಲಸದಲ್ಲಿ ಇದೇ ಜ್ವರಕ್ಕೆ ಹೆದರಿ ಹೆದರಿ ಫೋನ್ ಮಾಡಿ, ಬೈಸಿಕೊಂಡು, ಆ ದಿನದ ಸಂಬಳವನ್ನೂ ಕಳೆದುಕೊಂಡಿದ್ದೆ. ಮೈ ಅದೇ, ಜ್ವರ ಅದೇ. ಬದಲಾದದ್ದು ನಿಯಮ ಮಾತ್ರ, ಅಲ್ವಾ?

ವಾರದ ರಜೆಯೂ ಸುಮ್ನೆ ಸಿಕ್ಕಿದ್ದಲ್ಲ. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಪ್ಪಂದವೇ ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ ಅನ್ನೋದು. ವಾರಕ್ಕೆ 24 ಗಂಟೆ ಬಿಡುವು ಅನ್ನೋದು 1921ರಲ್ಲಿ. ಕೆಲಸದ ಜಾಗದ ಕಿರುಕುಳದ ವಿರುದ್ಧ ಅದೇ ಸಂಸ್ಥೆಯ ಒಪ್ಪಂದ ಬಂದಿದ್ದು 2019ರಲ್ಲಿ. ನೂರು ವರ್ಷ ಬೇಕಾಯಿತು! ನೆನೆದರೆ ಹೊಟ್ಟೆ ಉರಿಯುತ್ತದೆ.

ಅರ್ಜಿಗೆ ಮ್ಯಾನೇಜರ್ ಸಹಿ ಹಾಕಿ, 'ಪೂರ್ತಿ ಹುಷಾರಾದ ಮೇಲೇ ಬನ್ನಿ' ಅಂದರು. ಎಷ್ಟೋ ಹೊತ್ತು ಆ ಮಾತೇ ಕಿವಿಯಲ್ಲಿತ್ತು.