ಮಿಸೌರಿ ಮಾಡೆಲ್ ಅಪ್‌ಡೇಟ್: ಹಲ್ ಆಯ್ತು, ಈಗ ಯಾರ್ಡ್ ಕಟ್ಟಬೇಕು

ಅಮೆರಿಕದ ಯುದ್ಧನೌಕೆ ಮಿಸೌರಿಯ ಮಾಡೆಲ್ ಕಟ್ಟುತ್ತಿದ್ದೇನೆ. ಹಲ್‌ನ, ಅಂದರೆ ಹಡಗಿನ ಒಡಲಿನ, ಎರಡು ಹೋಳು ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಬೂದು ಪ್ರೈಮರ್ ಹೊಡೆದಿದ್ದೂ ಆಯ್ತು. ಮೂತಿಯ ಹತ್ತಿರ ಕೂದಲೆಳೆಯಷ್ಟು ಗೆರೆ ಉಳಿದಿದೆ. ಬೆರಳಿಗೆ ಸಿಗಲ್ಲ, ಟಾರ್ಚ್ ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತೆ. ಇನ್ನೊಂದು ಸಲ ಉಜ್ಜಬೇಕು.

ಪ್ಲಾನ್ ಬದಲಾಗಿದೆ. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಈ ಹಡಗಿನ ಮೇಲೆಯೇ. ಮಿಸೌರಿ ಮಾಡುವವರೆಲ್ಲ ಆ ದೃಶ್ಯವನ್ನೇ ಮಾಡುತ್ತಾರೆ. ನಾನು ಅದನ್ನು ಬಿಟ್ಟು, ನೌಕಾಪಡೆಯ ಹಡಗು ಕಟ್ಟುತ್ತಿದ್ದ ನ್ಯೂಯಾರ್ಕಿನ ಬ್ರೂಕ್ಲಿನ್ ನೇವಿ ಯಾರ್ಡ್‌ನಲ್ಲಿ 1944ರ ಜನವರಿ 29ರಂದು ಅದು ನೀರಿಗಿಳಿದ ದಿನವನ್ನು ಹಿಡಿದುಕೊಂಡಿದ್ದೇನೆ. ಅವತ್ತು ಹಡಗಿಗೆ ಹೆಸರಿಟ್ಟವಳು ಮಾರ್ಗರೇಟ್ ಟ್ರೂಮನ್. ಮುಂದೆ ಅಮೆರಿಕದ ಅಧ್ಯಕ್ಷನಾದ ಅವಳಪ್ಪ ಹ್ಯಾರಿ ಟ್ರೂಮನ್ ಆಗಿನ್ನೂ ಮಿಸೌರಿ ರಾಜ್ಯದ ಸೆನೆಟರ್ ಅಷ್ಟೇ!

ಯಾಕೆ ಬದಲಾಯಿಸಿದೆ ಅಂದರೆ, ಓದುತ್ತಾ ಹೋದಂತೆ ಫಿರಂಗಿಗಳಿಗಿಂತ ಯಾರ್ಡಿನ ಜನರೇ ಜಾಸ್ತಿ ಎಳೆದರು. 1941ರ ಜನವರಿ 6ರಂದು ಇದರ ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟಾಗ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಜಪಾನಿನ ದಾಳಿಗೆ ಅರಿಜೋನಾ ಅನ್ನೋ ಯುದ್ಧನೌಕೆ ಮುಳುಗಿತು. ಅದನ್ನು ಕಟ್ಟಿದ್ದೂ ಇದೇ ಯಾರ್ಡ್, ಹಾಗಾಗಿ ಅದಕ್ಕೆ ದುಡಿದ ಹಳಬರು ಒಂದಿಷ್ಟು ಜನವಾದರೂ ಇನ್ನೂ ಅಲ್ಲಿ ಕೆಲಸದಲ್ಲಿ ಇದ್ದಿರಬೇಕು, ಆ ಸುದ್ದಿ ಕೇಳಿ ಅವರಿಗೆ ಹೇಗಾಗಿರಬೇಡ, ಅಲ್ವಾ? ಆಮೇಲೆ ಯಾರ್ಡ್ ಹಗಲು ರಾತ್ರಿ ನಡೆಯಿತು. ಯುದ್ಧ ಜೋರಾಗಿದ್ದಾಗ ಕೆಲಸಗಾರರು ಸುಮಾರು 70,000. ಅಲ್ಲಿ ಹೆಂಗಸರು ಅಂದರೆ ಬಾವುಟ ಹೊಲಿಯುವವರು, ಆಫೀಸಿನವರು ಅಂತಿತ್ತು. 1942ರಿಂದ ಅವರೂ ವೆಲ್ಡಿಂಗ್‌ಗೆ, ತಗಡಿನ ಕೆಲಸಕ್ಕೆ ಬಂದರು. ಯುದ್ಧ ಮುಗಿದದ್ದೇ ತಡ, ಹೆಚ್ಚಿನವರನ್ನು ಮನೆಗೆ ಕಳಿಸಿದರು. ಕಲಿತ ಕೆಲಸ ಕೈಯಲ್ಲೇ ಉಳಿಯಿತು.

ನನಗೆ ತುಂಬಾ ಹಿಡಿಸಿದ್ದು ಮೋಲ್ಡ್ ಲಾಫ್ಟ್. ದೊಡ್ಡ ಹಾಲ್, ಮರದ ನೆಲ. ಹಡಗಿನ ಗೆರೆಗಳನ್ನು ನಿಜ ಅಳತೆಯಲ್ಲೇ ಆ ನೆಲದ ಮೇಲೆ ಎಳೆದು, ಅದರಿಂದ ತೆಳು ಹಲಗೆಯಲ್ಲೋ ಕಾಗದದಲ್ಲೋ ಅಚ್ಚು ಮಾಡಿ, ಅಚ್ಚನ್ನು ಉಕ್ಕಿನ ಹಾಳೆ ಮೇಲಿಟ್ಟು ಗುರುತು ಹಾಕಿ ಆಮೇಲೆ ಕತ್ತರಿಸುವುದು. ಥೇಟ್ ನಮ್ಮ ಟೈಲರ್ ಬಟ್ಟೆ ಮೇಲೆ ಸೀಮೆಸುಣ್ಣ ಎಳೆದ ಹಾಗೆ.

ಈಗ ತಲೆನೋವಿನ ವಿಷಯ. ಇದು 1:700 ಕಿಟ್. 270 ಮೀಟರ್ ಹಡಗು 38 ಸೆಂ.ಮೀ. ಚಿಲ್ಲರೆಗೆ ಬಂದು ನಿಲ್ಲುತ್ತೆ. ಮನುಷ್ಯ ಎರಡೂವರೆ ಮಿಲಿಮೀಟರ್ ಕೂಡ ಇರಲ್ಲ! ಅದರಲ್ಲಿ ವೆಲ್ಡಿಂಗ್ ಹೆಲ್ಮೆಟ್ ತೋರಿಸೋದು ಎಲ್ಲಿಂದ? ಒಂದು ಗೊಂಬೆಗೆ ಬಣ್ಣ ಹಚ್ಚಿ ನೋಡಿದೆ, ಸಾಸಿವೆ ಕಾಳಿಗೆ ಅಂಗಿ ತೊಡಿಸಿದಂತಿದೆ. ಸುಮ್ನೆ ಗುಂಪಾಗಿ ನಿಲ್ಲಿಸಿ, ಕೋಟು ಟೋಪಿಗಳ ಬಣ್ಣ ಅಲ್ಲಲ್ಲಿ ಬೇರೆ ಮಾಡಿದರೆ ಸಾಕು ಅನ್ನಿಸುತ್ತಿದೆ.

ಮುಂದಿನ ಕೆಲಸ ಇಳಿಜಾರು ಕಟ್ಟೆ. ಹಡಗು ಹಿಂಭಾಗ ಮುಂದಾಗಿ ಜಾರಬೇಕು, ಅದಕ್ಕೇ ಪ್ಲೈವುಡ್‌ಗೆ ಚೂರು ವಾಟ ಕೊಟ್ಟಿದ್ದೇನೆ. ಅಟ್ಟಣಿಗೆಗೆ ಸ್ಪ್ರೂ (ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿ) ಕಾಯಿಸಿ ಎಳೆದ ಎಳೆಗಳನ್ನು ಹಾಕುತ್ತಿದ್ದೇನೆ. ಇಷ್ಟು ತೆಳುವಾಗಿದ್ದರೆ ಎರಡಕ್ಕೆ ಒಂದು ಮುರಿಯುತ್ತೆ. ಹಿತ್ತಾಳೆ ತಂತಿ ಬಳಸಿ ನೋಡಿದವರಿದ್ದರೆ ಎಷ್ಟು ದಪ್ಪದ್ದು ತಗೊಂಡಿರಿ ಅಂತ ಹೇಳಿ.