ಅಮ್ಮನ ಮೂಲೆಗೆ ಹೊಂದುವ ಸ್ಪೀಕರ್

ಮೇ ತಿಂಗಳ ಒಂದು ಭಾನುವಾರ. ಅಮ್ಮನ ಈಸಿ ಚೇರಿನ ಮೇಲೆ ತಗ್ಗು ದನಿಯ (ಬೇಸ್) ಸ್ಪೀಕರ್, ಅಂದರೆ ಸಬ್‌ವೂಫರ್ ಕೂರಿಸಿ, ನಾನು ನಡುಮನೆ ತುಂಬಾ ಅಂಬೆಗಾಲಿಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನೋ ಕಳ್ಕೊಂಡ್ಯಾ? ಉಂಗುರನಾ?"

"ಇಲ್ಲಮ್ಮ, ಸೌಂಡ್ ಹುಡುಕ್ತಿದೀನಿ."

ಅಮ್ಮ ಮಾತಾಡದೆ ಅಡುಗೆಮನೆಗೆ ಹೋದರು. ಒಳಗೆ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು.

ಹೀಗೆ ತೆವಳೋ ಗತಿ ಬಂದಿದ್ದು ಯಾಕೆ ಅಂತ ಹೇಳಬೇಕು. ನಮ್ಮದು ಚಿಕ್ಕಮಗಳೂರಲ್ಲಿ ಹಳೇ ಹಂಚಿನ ಮನೆ. ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ, ನಡುಮನೆ 16 ಅಡಿ ಉದ್ದ, 12 ಅಡಿ ಅಗಲ. ಪುನರ್ವಸು ಮಳೆ ಹಿಡಿಯಿತು ಅಂದರೆ ಹಂಚಿನ ಮೇಲೆ ಒಂದೇ ಸಮ ಸದ್ದು. ಟಿವಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಮುಗಿಯಿತು, ಅಮ್ಮ "ಏನಂದ?" ಅನ್ನುತ್ತಾರೆ. ನಾವು ವಾಲ್ಯೂಮ್ ಏರಿಸುತ್ತೇವೆ. ಅಷ್ಟರಲ್ಲಿ ಫೈಟಿಂಗ್ ಶುರು. ಶೋಕೇಸಿನ ಸ್ಟೀಲ್ ಲೋಟಗಳೆಲ್ಲ ಗಲಗಲ. ಇಳಿಸುತ್ತೇವೆ. ಮತ್ತೆ "ಏನಂದ?" ಒಂದು ಸಿನಿಮಾ ಮುಗಿಯುವಷ್ಟರಲ್ಲಿ ರಿಮೋಟ್ ಹಿಡಿದ ಬೆರಳು ನೋಯುತ್ತಿತ್ತು.

ಆಗ ಮನೆಯಲ್ಲಿದ್ದಿದ್ದು ಒಂದು ಹಳೇ 5.1 ಸೆಟ್, ಅಂದರೆ ಐದು ಸ್ಪೀಕರ್, ಒಂದು ಸಬ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಗಟ್ಟಲೆ ವ್ಯಾಟ್, ಪಕ್ಕದಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಬರೆದಿತ್ತು. ಕೊಂಡು ಎಷ್ಟೋ ದಿನದ ಮೇಲೆ ಹಿಂಭಾಗದ ಚೀಟಿ ನೋಡಿದೆ. ಅದು ಕರೆಂಟಿನಿಂದ ಎಳೆದುಕೊಳ್ಳುವುದೇ 40 ವ್ಯಾಟ್! ಲೀಟರ್ ಹಾಲು ಹಾಕಿ ಹತ್ತು ಲೀಟರ್ ಮೊಸರು ತೆಗೆದ ಹಾಗೆ. ನೋಡಬೇಕಾದ್ದು ಆರ್‌ಎಂಎಸ್ ಅನ್ನೋ ಲೆಕ್ಕ, ಅಂದರೆ ಒಂದೇ ಸಮ ಕೊಡಬಲ್ಲ ವ್ಯಾಟ್, ಅಂತ ಆಮೇಲೆ ತಿಳಿಯಿತು. ಏಳನೇ ಮಳೆಗಾಲಕ್ಕೆ ಅದರ ಸ್ಪೀಕರಿನ ಅದುರುವ ಕೋನಿನ ಸುತ್ತಲಿನ ಫೋಮ್ ಕೈ ಹಾಕಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಫೋಮಿಗೆ ತೇವ ಆಗಿಬರುವುದಿಲ್ಲ. ನಮ್ಮೂರಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಫೋಮ್ ಯಾವ ಲೆಕ್ಕ! ಈ ಸಲ ಅಂಚಿಗೆ ರಬ್ಬರ್ ಇರುವುದೇ ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ.

ಬೆಂಗಳೂರಿಗೆ ಹೋಗಿ ಎರಡು ಮೂರು ಅಂಗಡಿ ಸುತ್ತಿದೆ. ಒಂದು ಕಡೆ ಹುಡುಗ ಎರಡು ಜೋಡಿ ಹಾಕಿ ತೋರಿಸಿದ. ದುಬಾರಿ ಜೋಡಿಯ ಸರದಿ ಬಂದಾಗ ಸದ್ದು ತುಸು ಜಾಸ್ತಿ ಅನ್ನಿಸಿತು. ನಾನು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಲ್ಲಿ ರುಚಿ ನೋಡುವಾಗ ಪ್ರತಿ ಕಪ್ಪಿಗೂ 8.25 ಗ್ರಾಂ ಪುಡಿ, 150 ಮಿಲಿ ನೀರು. ಯಾವ ತೋಟದ ಲಾಟ್ ಅನ್ನುವುದು ಕಪ್ಪಿನ ಮೇಲೆ ಇರುವುದಿಲ್ಲ. ಒಂದಕ್ಕೆ ಪುಡಿ ಜಾಸ್ತಿ ಬಿದ್ದರೆ ಹೋಲಿಕೆಯೇ ಸುಳ್ಳು. ಸ್ಪೀಕರಿಗೂ ಅದೇ ಅಲ್ವಾ? ಸ್ವಲ್ಪ ಜೋರಾಗಿ ಕೇಳಿಸಿದ್ದನ್ನೇ ಕಿವಿ ಒಳ್ಳೆಯದು ಅಂದುಕೊಳ್ಳುತ್ತದೆ. ಮೊಬೈಲಿನ ಸೌಂಡ್ ಮೀಟರ್ ತೆಗೆದು, ಎರಡನ್ನೂ ಸಮ ಮಾಡಿಸಿ, ಯಾವುದು ಅಂತ ಹೇಳಬೇಡ ಅಂದು ಬೆನ್ನು ತಿರುಗಿಸಿ ಕೂತೆ. ಹುಡುಗನಿಗೆ ಇದು ಹಿಡಿಸಲಿಲ್ಲ. ನಾನು ಆರಿಸಿದ್ದು ಕಡಿಮೆ ಬೆಲೆಯದು, ಅದೂ ಹಿಡಿಸಲಿಲ್ಲ.

ಪರೀಕ್ಷೆಗೆ ನಾನು ಒಯ್ದಿದ್ದು ಮೂರೇ ಸದ್ದು. ವೀಣೆ, ಮೃದಂಗ, ಮತ್ತೆ ರೇಡಿಯೋ ವಾರ್ತೆ ಓದುವ ದನಿ. ವೀಣೆಯಲ್ಲಿ ತಂತಿ ಮೀಟಿದ ಕ್ಷಣ ಉಗುರಿನ ಸದ್ದು ಬೇರೆ, ನಾದ ಬೇರೆ ಕೇಳಿಸಬೇಕು. ಮೃದಂಗದ ಎಡಗೈ 'ಧೋಂ' ಅಂದು ನಿಲ್ಲಬೇಕು, ಎಳೆಯಬಾರದು. ವಾರ್ತೆಯಲ್ಲಿ ನಾನು ಕಾಯುತ್ತಿದ್ದಿದ್ದು ಸ, ಶ ಅಕ್ಷರಗಳಿಗೆ. ಕೆಟ್ಟ ಟ್ವೀಟರಿನಲ್ಲಿ, ಅಂದರೆ ಏರು ಸ್ವರದ ಪುಟ್ಟ ಸ್ಪೀಕರಿನಲ್ಲಿ, 'ಸರ್ಕಾರ' ಅಂದರೆ ಹಾವು ಬುಸುಗುಟ್ಟಿದ ಹಾಗಿರುತ್ತದೆ. ನಮ್ಮಮ್ಮನಿಗೆ ಆಕಾಶವಾಣಿ ಅಂದರೆ ಹಾಸನ. ಆ ಚರ್ಮದ ಚೀಲದ ಟ್ರಾನ್ಸಿಸ್ಟರಿನಲ್ಲಿ ಬೇಸೂ ಇರಲಿಲ್ಲ, ಸ್ಟೀರಿಯೋನೂ ಇರಲಿಲ್ಲ. ಆದರೆ ಒಂದಕ್ಷರ ತಪ್ಪದೆ ಕೇಳಿಸುತ್ತಿತ್ತು.

ಕೊನೆಗೆ ತಂದಿದ್ದು ಎರಡು ಬುಕ್‌ಶೆಲ್ಫ್ ಸ್ಪೀಕರ್, ನಡುವಿಗೆ ಒಂದು ಸೆಂಟರ್ ಸ್ಪೀಕರ್, ಒಂದು ಸಬ್, ಮತ್ತೆ ಇವಕ್ಕೆಲ್ಲ ಸದ್ದು ಹಂಚುವ ಒಂದು ಎವಿ ರಿಸೀವರ್. ಕಂಪನಿ ಹೆಸರು ಹೇಳಲ್ಲ, ಜಾಹೀರಾತು ಅಂತೀರಿ. ಬೆನ್ನ ಹಿಂದೆ ಇಡುವ ಸ್ಪೀಕರ್ ಬೇಡ ಅಂದೆ. ಅಮ್ಮನ ಕುರ್ಚಿ ಗೋಡೆಗೇ ಒರಗಿದೆ. ಇಟ್ಟರೆ ಕಿವಿ ಪಕ್ಕದಲ್ಲೇ ಗುಂಡು ಹಾರುತ್ತದೆ. ಆ ದುಡ್ಡನ್ನು ಸೆಂಟರಿಗೆ ಹಾಕಿದೆ. ಸಿನಿಮಾದ 5.1 ಧ್ವನಿಯಲ್ಲಿ ಮಾತು ಬಹುಪಾಲು ಬರುವುದು ಅದರಲ್ಲೇ. ಬರೀ ಎರಡು ಸ್ಪೀಕರಾದರೆ ಮಾತು ನಡುವಿನಿಂದ ಬಂದ ಹಾಗೆ ಅನ್ನಿಸುವುದು ನಡುವೆ ಕೂತವರಿಗೆ ಮಾತ್ರ. ಅಮ್ಮ ಕೂರುವುದು ಮೂಲೆಯಲ್ಲಿ.

ಮನೆಗೆ ತಂದು ಹಾಕಿದರೆ, ಅಂಗಡಿಯಲ್ಲಿ ಕೇಳಿದ್ದು ಇದೇನಾ ಅನ್ನಿಸಿತು. ಅಲ್ಲಿ ಕಾರ್ಪೆಟ್, ಸೋಫಾ. ಇಲ್ಲಿ ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಟರ್‌ರ್ ಅಂತ ಓಡಾಡುತ್ತದೆ. ನೆಲಕ್ಕೆ ಜಮಖಾನ ಹಾಸಿದೆ. ತೋಟದಲ್ಲಿ ಅಪ್ಪ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಹಳೇ ಕಂಬಳಿ ಅಟ್ಟದಲ್ಲಿತ್ತು, ಅದನ್ನು ಮಡಚಿ ಹಿಂದಿನ ಗೋಡೆಗೆ ತೂಗುಹಾಕಿದೆ. "ರೀ, ನಂಟರು ಬಂದ್ರೆ ಏನಂತ ಹೇಳ್ಲಿ?" ಅಂದಳು ಹೆಂಡತಿ. ಹೇಳುವುದೇನು, ಮಾತು ಎಷ್ಟೋ ಬಿಡಿಬಿಡಿಯಾಯಿತು.

ಆದರೂ ಅಮ್ಮನ ದೂರು ನಿಲ್ಲಲಿಲ್ಲ. "ಗುಂಯ್ ಅನ್ನತ್ತೆ ಕಣೋ." ನನ್ನ ದಿವಾನದಿಂದ ಕೇಳಿದರೆ ಏನೂ ಇಲ್ಲ. ಅಮ್ಮನ ಕುರ್ಚಿಯಲ್ಲಿ ಹೋಗಿ ಕೂತೆ. ನಿಜ, ತಲೆಯೊಳಗೆ ಜೇನು ಹೊಕ್ಕ ಹಾಗೆ!

ಕಂಬಳಿ ಈ ಬೇಸನ್ನು ಮುಟ್ಟುವುದೇ ಇಲ್ಲ. ಇದು ಕೋಣೆಯ ಅಳತೆಯ ಆಟ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 16 ಅಡಿ ಅಂದರೆ 4.88 ಮೀಟರ್. ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ 35 ಹರ್ಟ್ಜ್, ಅಂದರೆ ಸೆಕೆಂಡಿಗೆ 35 ಕಂಪನ. 12 ಅಡಿಯ ಕಡೆಗೆ 47. ಈ ಸ್ವರಗಳು ಬಂದಾಗೆಲ್ಲ ಸ್ಪೀಕರ್ ಜೊತೆ ಕೋಣೆಯೂ ಹಾಡುತ್ತದೆ. ಮೂಲೆಯಲ್ಲಿ ಅದು ಎಲ್ಲಕ್ಕಿಂತ ಜೋರು, ಕೋಣೆಯ ನಟ್ಟನಡುವೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಾನು ಸಬ್ಬನ್ನೂ ಒಂದು ಮೂಲೆಗೇ ತಳ್ಳಿದ್ದೆ. ಹಾಡಿಸುವವನೂ ಮೂಲೆ, ಕೇಳುವವರೂ ಮೂಲೆ.

"ಅಮ್ಮ, ಕುರ್ಚಿ ಒಂದು ನಾಲ್ಕಡಿ ಮುಂದೆ ಹಾಕ್ಲಾ?"

"ಅಲ್ಲಿಂದ ಗೇಟ್ ಕಾಣತ್ತೇನೋ?"

ಕಾಣುವುದಿಲ್ಲ. ಹಾಲಿನವನು, ಪೋಸ್ಟಿನವನು, ಎದುರುಮನೆ ದನ, ಎಲ್ಲ ಅಮ್ಮನ ಲೆಕ್ಕದಲ್ಲಿ ಇರಬೇಕು. ಕುರ್ಚಿ ಕದಲುವಂತಿಲ್ಲ ಅಂದ ಮೇಲೆ ಕದಲಬೇಕಾದ್ದು ಸಬ್. ಅದಕ್ಕೇ ಆ ಭಾನುವಾರದ ಅಂಬೆಗಾಲು. ಕೇಳುವವರ ಜಾಗದಲ್ಲಿ ಸಬ್ ಇಟ್ಟು, ಸಬ್ ಇಡಬಹುದಾದ ಜಾಗಗಳಲ್ಲೆಲ್ಲ ನಾವು ಕಿವಿ ಇಟ್ಟು ಹುಡುಕುವುದು. ಎಲ್ಲಿ ಬೇಸ್ ಹದವಾಗಿ ಕೇಳಿಸುತ್ತದೋ ಅಲ್ಲಿ ತಂದಿಟ್ಟರೆ ಕುರ್ಚಿಯಲ್ಲೂ ಹಾಗೇ ಕೇಳಿಸುತ್ತದೆ. ಉದ್ದ ಗೋಡೆಯ ನಡುವೆ, ಹೊಲಿಗೆ ಮಷಿನ್ ಪಕ್ಕ, ಆ ಗುಂಯ್ ಇಳಿಯಿತು. ಮಂಡಿ ಮಾತ್ರ ಎರಡು ದಿನ ಹಿಡಿದುಕೊಂಡಿತ್ತು.

ಅಲ್ಲೇ ಸಬ್ ಕೂರಿಸಿ, 80 ಹರ್ಟ್ಜ್‌ಗಿಂತ ಕೆಳಗಿನದ್ದು ಅದಕ್ಕೆ, ಮೇಲಿನದ್ದು ಉಳಿದವಕ್ಕೆ ಅಂತ ರಿಸೀವರಿನಲ್ಲಿ ಹಂಚಿದೆ. ಸೆಂಟರನ್ನು 3 ಡೆಸಿಬಲ್ ಏರಿಸಿದೆ. ಜೋರಿನ ಸದ್ದನ್ನು ತಗ್ಗಿಸಿ ಮೆಲ್ಲಗಿನದ್ದನ್ನು ಎತ್ತುವ ನೈಟ್ ಮೋಡ್ ಅಂತ ಒಂದಿದೆ. ಆಡಿಯೋ ಹುಚ್ಚಿನವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಹಂಚಿನ ಮೇಲಿನ ಮಳೆ ಗೊತ್ತಿಲ್ಲದವರು ಅಂದುಕೊಂಡು ಸುಮ್ನೆ ಹಾಕಿಬಿಟ್ಟೆ.

ಮೊನ್ನೆ ರಾತ್ರಿ ಮಳೆ ಬಿಟ್ಟುಬಿಡದೆ ಸುರಿಯುತ್ತಿತ್ತು. ಯಾವುದೋ ಪತ್ತೇದಾರಿ ಸಿನಿಮಾ. ನಾನು ದಿವಾನದ ಮೇಲೆ, ಅಂದರೆ ಕೋಣೆಯ ನಟ್ಟನಡುವೆ, ಬೇಸೇ ಇಲ್ಲದ ಜಾಗದಲ್ಲಿ. ಜೊತೆಗೆ ಮಳೆ ಸದ್ದಿಗೆ ಅರ್ಧ ನಿದ್ದೆ. ಅಷ್ಟು ಹೊತ್ತಿಗೆ ಮೂಲೆಯಿಂದ ಅಮ್ಮ, "ನೋಡಿದ್ಯಾ, ಆಗ್ಲೇ ಅವ್ನೇ ಬಾಯ್ಬಿಟ್ಟ" ಅಂದರು.

"ಏನಂದ?" ಅಂತ ಕೇಳಿದೆ.