ಸೊಳ್ಳೆಯನ್ನು ನನ್ನಿಂದ ಕಾಪಾಡಿ

ಊರಿಂದ ಇಟಲಿಗೆ ವಾಪಸ್ ಬಂದ ಐದನೇ ದಿನಕ್ಕೆ ಜ್ವರ ಹಿಡಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆ, ಬಸ್ಸು ಬಂತು, ಹೋಯಿತು, ನಾನು ಮಾತ್ರ ಏಳಲಿಲ್ಲ. ಕಣ್ಣು ಒಂಚೂರು ಹೊರಳಿಸಿದರೆ ಸಾಕು, ಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ನೋವು. ಪ್ರಯಾಣದ ಆಯಾಸ, ನಿದ್ದೆಗೆಟ್ಟಿದ್ದು ಅಂತ ಒಂದು ದಿನ ಸುಮ್ನೆ ಮಲಗಿದೆ. ಎರಡನೇ ದಿನ ಗಂಡ ಕೇಳಲಿಲ್ಲ, ಆಸ್ಪತ್ರೆಗೆ ಎಳೆದುಕೊಂಡು ಹೋದ.

ಅಲ್ಲಿನ ಡಾಕ್ಟರಮ್ಮ ಜ್ವರ ಎಷ್ಟಿದೆ ಅಂತ ಕೇಳುವುದಕ್ಕೆ ಮೊದಲೇ ಕೇಳಿದ್ದು, ಎಲ್ಲಿಂದ ಬಂದಿರಿ, ಯಾವತ್ತು ಬಂದಿರಿ. ಭಾರತ ಅಂದ ತಕ್ಷಣ ಮಲೇರಿಯಾಗೆ ರಕ್ತ ತೆಗೆಸಿದರು. ನನಗೆ ಆ ಜ್ವರದಲ್ಲೂ ಒಂಚೂರು ಸಿಟ್ಟು ಬಂತು. ಇವರಿಗೆ ನಮ್ಮ ದೇಶ ಅಂದರೆ ಮಲೇರಿಯಾನೇನಾ? ಅವರು ಸಮಾಧಾನವಾಗಿ ಹೇಳಿದರು: ಬಿಸಿ ದೇಶಗಳಿಂದ ಬಂದವರಿಗೆ ಜ್ವರ ಅಂದರೆ, ಅಲ್ಲ ಅಂತ ಗೊತ್ತಾಗುವ ತನಕ ಅದು ಮಲೇರಿಯಾನೇ. ಫಾಲ್ಸಿಪೇರಂ ಅನ್ನೋ ಜಾತಿಯದ್ದಾದರೆ ಕೆಲವೇ ದಿನಗಳಲ್ಲಿ ಜೀವ ತೆಗೆಯಬಹುದು. ವೈವಾಕ್ಸ್ ಆದರೆ ಲಿವರಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು, ನೀವು ಊರಿಗೆ ಹೋಗಿದ್ದನ್ನೇ ಮರೆತಿರುವಾಗ ಏಳುತ್ತದೆ. ಮಲೇರಿಯಾ ಇರಲಿಲ್ಲ. ಡೆಂಗಿ ಇತ್ತು.

ಆಮೇಲೆ ಒಂದು ಫಾರಂ ಹಿಡಿದು ಕೂತರು. ಹೋಗುವ ಮುಂಚೆ ಡಾಕ್ಟರ ಸಲಹೆ ತಗೊಂಡಿದ್ದಿರಾ? ಇಲ್ಲ. ಸೊಳ್ಳೆ ಕ್ರೀಮು? ಇಲ್ಲ. ಯಾಕೆ? "ನಾನು ಪ್ರವಾಸಕ್ಕೆ ಹೋಗಿರಲಿಲ್ಲ, ಮನೆಗೆ ಹೋಗಿದ್ದೆ" ಅಂದೆ. ಅವರು ನಕ್ಕು ಒಂದು ಕಡೆ ಟಿಕ್ ಹಾಕಿದರು. ಬಗ್ಗಿ ನೋಡಿದರೆ ನಮ್ಮಂಥವರಿಗೇ ಅಂತ ಬೇರೆ ಖಾನೆ ಇದೆ, ನೆಂಟರನ್ನು ನೋಡಲು ಹೋದವರು ಅಂತ. ಕಾಡು ಸುತ್ತೋಕೆ ಹೋಗುವವರು ತಿಂಗಳ ಮುಂಚೆ ಮಾತ್ರೆ, ಕ್ರೀಮು ಎಲ್ಲ ಜೋಡಿಸಿಕೊಂಡು ಹೊರಡುತ್ತಾರಂತೆ. ನಾವು ಹುಟ್ಟಿದ ಮನೆಗೆ ಹೋಗೋಕೆ ಯಾಕೆ ಹೆದರಬೇಕು ಅಂತ ಬರೀ ಕೈಯಲ್ಲಿ ಹೋಗುತ್ತೇವೆ, ಅದೂ ಮೂರು ದಿನಕ್ಕಲ್ಲ, ಒಂದೂವರೆ ತಿಂಗಳಿಗೆ.

ಹಿಂದೆ ಯಾವತ್ತಾದರೂ ಡೆಂಗಿ ಬಂದಿತ್ತಾ ಅಂತಲೂ ಕೇಳಿದರು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ, ಒಂದು ಬಂದು ಹೋಗಿ ಆಮೇಲೆ ಇನ್ನೊಂದು ಬಂದರೆ ಕಾಯಿಲೆ ಜೋರಾಗುವ ಸಾಧ್ಯತೆ ಜಾಸ್ತಿ, ಅದಕ್ಕೆ. ಏನು ಹೇಳಲಿ? ನಮ್ಮ ಚಿಕ್ಕಂದಿನ ಜ್ವರಗಳಿಗೆ ಹೆಸರೇ ಇರಲಿಲ್ಲ. ಕಂಬಳಿ ಹೊದ್ದು ಮಲಗುತ್ತಿದ್ದೆವು, ನಾಲ್ಕು ದಿನಕ್ಕೆ ಬಿಡುತ್ತಿತ್ತು, ಶಾಲೆಗೆ ಹೋಗುತ್ತಿದ್ದೆವು. "ಗೊತ್ತಿಲ್ಲ" ಅಂತಲೇ ಬರೆಸಿದೆ.

ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು ಅಂದರು. ಜ್ವರ ಇಳಿದ ದಿನ ಖುಷಿಪಡಬೇಡಿ, ನಿಜವಾಗಿ ಹುಷಾರಾಗಿರಬೇಕಾದ್ದು ಆಗಲೇ. ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ ಕಂಡರೆ ತಕ್ಷಣ ಬನ್ನಿ ಅಂದು ಮನೆಗೆ ಕಳಿಸಿದರು. ಇಲ್ಲಿಯವರೆಗೆ ಎಲ್ಲ ಸರಿ.

ಮಾರನೇ ದಿನ ಬೀದಿಗೆ ಜನ ಬಂದರು.

ನಾವಿರುವುದು ಉತ್ತರ ಇಟಲಿಯ ಒಂದು ಚಿಕ್ಕ ಊರು. ನನ್ನೊಬ್ಬಳ ಡೆಂಗಿಗೆ ಪುರಸಭೆಯವರು ಸುತ್ತ ನೂರು ಮೀಟರಿನ ಒಂದೊಂದೇ ಮನೆಯ ಬಾಗಿಲು ತಟ್ಟಿ, ಹಿತ್ತಲು ನೋಡಿ, ಚರಂಡಿ ಗುಂಡಿಗಳಿಗೆ ಗುಳಿಗೆ ಹಾಕಿ, ರಾತ್ರಿ ಔಷಧಿ ಹೊಡೆದರು. ಯಾರ ಮನೆಯ ರೋಗಿ ಅಂತ ಅವರೇನೂ ಹೇಳಲಿಲ್ಲ. ಆದರೆ ಬೀದಿಯಲ್ಲಿ ಈಗಷ್ಟೇ ಸೂಟ್‌ಕೇಸ್ ಇಳಿಸಿದವರು ನಾವೊಬ್ಬರೇ ಅಲ್ವಾ. ನಾನು ಕಿಟಕಿ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಪಕ್ಕದ ಮನೆ ಅಜ್ಜಿಯ ಹೂವಿನ ಕುಂಡದ ಕೆಳಗಿನ ತಟ್ಟೆಗೆ ಒಬ್ಬ ಟಾರ್ಚ್ ಬಿಟ್ಟ. ನೀರಿನ ಮೇಲ್ಮೈಗೆ ಬಾಲ ತಗುಲಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ ಸೊಳ್ಳೆ ಮರಿಗಳೆಲ್ಲ, ಅವನ ಕೈ ಅಡ್ಡ ಬಂದದ್ದೇ ತಡ, ಕೊಂಕುತ್ತಾ ತಳಕ್ಕೆ ಇಳಿದವಂತೆ. ಅಜ್ಜಿ ಆಮೇಲೆ ಹೇಳಿದ್ದು, ನಾಚಿಕೆಯಿಂದ.

ಎರಡು ದಿನ ಬಿಟ್ಟು, ಜ್ವರ ಸ್ವಲ್ಪ ತಗ್ಗಿದಾಗ, ಗಾಳಿಗೆ ಅಂತ ಹಿತ್ತಲಿಗೆ ಬಂದೆ. ಬೇಲಿಯ ಆಚೆಯಿಂದ ಅಜ್ಜಿ ಎರಡೂ ಕೈ ಬೀಸಿದರು. "ಒಳಗೆ ಹೋಗು ಮಗಳೇ, ಸೊಳ್ಳೆ ಕಚ್ಚಿಬಿಟ್ಟೀತು!"

"ನನಗೆ ಆಗಲೇ ಕಚ್ಚಿಯಾಗಿದೆಯಲ್ಲ, ಇನ್ನೇನಾಗುತ್ತೆ" ಅಂತ ನಕ್ಕೆ.

"ನಿನಗಲ್ಲ. ಸೊಳ್ಳೆಗೆ. ನಿನ್ನನ್ನು ಕಚ್ಚಿದರೆ ಅದು ಕೆಟ್ಟುಹೋಗುತ್ತೆ."

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹುಟ್ಟಿದಾಗಿನಿಂದ ಸೊಳ್ಳೆಯಿಂದ ನನ್ನನ್ನು ಕಾಪಾಡಿಕೊಳ್ಳುವುದು ಹೇಗೆ ಅಂತ ಕೇಳುತ್ತಾ ಬಂದಿದ್ದೇನೆ. ನನ್ನಿಂದ ಸೊಳ್ಳೆಯನ್ನು ಕಾಪಾಡಬೇಕು ಅಂತ ಕೇಳಿದ್ದು ಇದೇ ಮೊದಲು. ಮಗ ಬೇರೆ ಊಟದ ಹೊತ್ತಿಗೆ "ಪಾಪ ಸೊಳ್ಳೆ" ಅಂದ, ಅವನಿಗೆ ನಗು, ನನಗೆ ಕಣ್ಣಲ್ಲಿ ನೀರು. ಜ್ವರದ ನಿಶ್ಶಕ್ತಿಗೆ ಇರಬೇಕು.

ಅಜ್ಜಿ ಹೇಳಿದ್ದು ಸುಳ್ಳಲ್ಲ, ತೊಂದರೆ ಅದೇ. ಜ್ವರ ಶುರುವಾಗುವ ಒಂದೆರಡು ದಿನ ಮುಂಚಿನಿಂದ ಹಿಡಿದು ಆಮೇಲಿನ ಐದಾರು ದಿನ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತದೆ. ಆಗ ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ಅದು ಬೆಳೆದು ಎಂಜಲಿಗೆ ಬರಲು ಎಂಟು ಹತ್ತು ದಿನ. ಆಮೇಲೆ ಆ ಸೊಳ್ಳೆ ಬದುಕಿರುವ ತನಕ ಕಚ್ಚಿದವರಿಗೆಲ್ಲ ಹಂಚುತ್ತದೆ. 2007ರಲ್ಲಿ ಇಲ್ಲಿಗೆ ದೂರವಲ್ಲದ ರವೆನ್ನಾ ಕಡೆಯ ಕಾಸ್ಟಿಲಿಯೋನೆ ದಿ ಚೆರ್ವಿಯಾ ಅನ್ನೋ ಹಳ್ಳಿಯಲ್ಲಿ ಆದದ್ದು ಇದೇ, ಡೆಂಗಿ ಅಲ್ಲ, ಚಿಕುನ್‌ಗುನ್ಯಾ. ಭಾರತದಿಂದ ಬಂದ ಒಬ್ಬರಿಗೆ ನೆಂಟರ ಮನೆಯಲ್ಲಿ ಜ್ವರ ಬಂತು, ಅಲ್ಲಿಂದ ಇನ್ನೂರಕ್ಕೂ ಜಾಸ್ತಿ ಜನರಿಗೆ ಹರಡಿತು. ಅಜ್ಜಿಯ ತಂಗಿ ಆ ಕಡೆಯವರು. ಅಜ್ಜಿಗೆ ನೆನಪಿರುವುದು ಅದು.

ನಾನೂ ಒಂದು ಮಾತು ತಿರುಗಿಸಿ ಹೇಳಬಹುದಿತ್ತು. ಜ್ವರ ನಾವು ತಂದಿರಬಹುದು, ಸೊಳ್ಳೆ ನಾವು ತಂದದ್ದಲ್ಲ. ಕಪ್ಪು ಮೈಗೆ ಬಿಳಿ ಪಟ್ಟೆಯ, ಹಗಲಲ್ಲೇ ಕಚ್ಚುವ ಈ ಹುಲಿ ಸೊಳ್ಳೆ ಇಟಲಿಯಲ್ಲಿ ಮೊದಲು ಕಂಡಿದ್ದು 1990ರಲ್ಲಿ, ಜಿನೋವಾದಲ್ಲಿ. ಹಡಗಿನಲ್ಲಿ ಬಂದ ಹಳೇ ಟೈರುಗಳೊಳಗೆ ಮೊಟ್ಟೆಯಾಗಿ ಬಂತಂತೆ, ನೀರಿಲ್ಲದೆ ತಿಂಗಳುಗಟ್ಟಲೆ ಇರಬಲ್ಲ ಮೊಟ್ಟೆ. ಮೂಲ ನಮ್ಮ ಏಷ್ಯಾದ್ದೇ, ಅದು ಬೇರೆ ಮಾತು. ನನಗಿಂತ ಎಷ್ಟೋ ಮುಂಚೆ ಬಂದು ಬೇರೂರಿದ ಹೊರನಾಡಿಗ.

ಹೇಳಲಿಲ್ಲ. ಯಾಕೆಂದರೆ ಚಿಕುನ್‌ಗುನ್ಯಾ ಅಂದ ಕೂಡಲೇ ನನಗೆ ನೆನಪಾಗಿದ್ದು ಅದಕ್ಕೂ ಹಿಂದಿನ ವರ್ಷ. 2006. ದೊಡ್ಡಮ್ಮ ಬಾಗಿಲ ಚಿಲಕ ತೆಗೆಯೋಕೆ ಎರಡೂ ಅಂಗೈ ಜೋಡಿಸಿ, ಬೆರಳು ಮಡಿಸಲಾಗದೆ, ಮಣಿಕಟ್ಟಿನಿಂದ ತಳ್ಳುತ್ತಿದ್ದರು. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಗ್ಗಿಹೋಗುವುದು ಅಂತ ಅರ್ಥವಂತೆ, ನಮಗೆ ಆಗ ಗೊತ್ತಿರಲಿಲ್ಲ, ಕಣ್ಣೆದುರಿಗೆ ಮಾತ್ರ ಇತ್ತು. ಇಡೀ ಬೀದಿ ಬಗ್ಗಿ ನಡೆಯುತ್ತಿತ್ತು. ನಮ್ಮ ಹಿತ್ತಲಿನ ಡ್ರಮ್ಮಿಗೆ ಯಾರೂ ಬಂದು ಟಾರ್ಚ್ ಬಿಡಲಿಲ್ಲ. ನಾವೂ ಬಗ್ಗಿ ನೋಡಲಿಲ್ಲ. ನೀರು ಬರುವುದೇ ಅಪರೂಪ, ತುಂಬಿಟ್ಟ ಡ್ರಮ್ಮನ್ನು ಚೆಲ್ಲು ಅಂದರೆ ಯಾರು ಕೇಳುತ್ತಾರೆ? ಒಂದು ಜ್ವರಕ್ಕೆ ನೂರು ಮೀಟರ್ ಅಂತ ಹೊರಟರೆ ನಮ್ಮಲ್ಲಿ ಮುಗಿಯುವ ಕೆಲಸವೂ ಅಲ್ಲ, ಒಪ್ಪುತ್ತೇನೆ. ಆದರೂ ಆ ಡ್ರಮ್ಮಿಗೆ ಒಂದು ಮುಚ್ಚಳ, ಒಂದು ಹಳೇ ಬಟ್ಟೆ? ಈ ಸಲವೂ ಆ ಡ್ರಮ್ಮಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಂಜೆಗಳನ್ನು ಕಳೆದೆ. ಎಷ್ಟು ಚೆನ್ನಾಗಿತ್ತು.

ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಇಲ್ಲಿ ಯಾರಿಗೂ ಏನೂ ಆಗಿಲ್ಲವಲ್ಲೇ, ನಿನಗೆ ವಿಮಾನದಲ್ಲೇ ಅಂಟಿರಬೇಕು" ಅಂದರು.

ಮೂರು ವಾರವಾಯಿತು. ಬೀದಿಯಲ್ಲಿ ಇನ್ನಾರಿಗೂ ಜ್ವರ ಬಂದಿಲ್ಲ. ನಿನ್ನೆ ಅಜ್ಜಿ ಬೇಲಿ ಹತ್ತಿರ ಕರೆದು ಕೈ ಹಿಡಿದುಕೊಂಡರು, ಎಷ್ಟು ಸೊರಗಿದ್ದೀಯ ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಮತ್ತೆ ಊರಿಗೆ ಯಾವಾಗ ಹೋಗ್ತೀಯ? ಮೊದಲೇ ಹೇಳು. ನೀನು ಬರೋ ಹೊತ್ತಿಗೆ ತಟ್ಟೆಗಳನ್ನೆಲ್ಲ ಬೋರಲು ಹಾಕಿರ್ತೀನಿ."